ಅಧ್ಯಕ್ಷೆ ಮುಯ್ಯಾಳಿಗೆ ಹೋದ ದಿನ

ಆ ದಿನ ಬೆಳಿಗ್ಗೆ ಎದ್ದವಳು ಕೊಟ್ಟಿಗೆಯ ಸಗಣಿ ಬಾಚಿದೆ. ಎರಡು ಹಸು ಕರೆದೆ. ಡೈರಿಗೆ ಹೋಗುವ ಹಾಲನ್ನು ಕ್ಯಾನಿಗೆ ಸೋಸಿ, ಮನೆಯ ಖರ್ಚಿಗೆ ಬೇಕಾದಷ್ಟನ್ನು ತಪ್ಪಲೆಯಲ್ಲಿ ಉಳಿಸಿಕೊಂಡೆ. ಬಚ್ಚಲ ಹಂಡೆಗೆ ಬೆಂಕಿ ಮಾಡಿದೆ. ನೀರುದೋಸೆ ಎರೆದೆ, ಕಾಯಿಚಟ್ನಿ ತಿರುವಿದೆ. ಓರಗಿತ್ತಿಯ ಮಗಳಿಗೆ ತಲೆ ಬಾಚಿ ಎರಡು ಜಡೆ ಹಾಕಿದೆ. ಉಪ್ಪಲ್ಲಿ ಹಾಕಿಟ್ಟ ಲಿಂಬೆಹಣ್ಣಿನ ಭರಣಿಯನ್ನು ಬಿಸಿಲಿಗೆ ಇಡೋಣ ಎಂದು ಅಂಗಳಕ್ಕೆ ತಂದು, ಆಕಾಶ ನೋಡಿ ಹಾಗೇ ಒಳಗೆ ಒಯ್ದೆ. ಹುಲಿಕಲ್ ಕಡೆಯಿಂದ ಮೋಡ ಹಾಕಿತ್ತು. ಗದ್ದೆ ಕೊಯ್ಲಿನ ಹೊತ್ತಿನಲ್ಲಿ ಬರುವ ಮೋಡ ನೆಂಟರ ಹಾಗೆ ಹೇಳಿ ಬರುವುದಿಲ್ಲ, ಬಂದರೆ ಬೇಗ ಹೋಗುವುದೂ ಇಲ್ಲ.

ಒಳಗೆ ನನ್ನ ಓರಗಿತ್ತಿ ಸೀರೆ ಉಡುತ್ತಿದ್ದಳು. ನನ್ನ ಗಂಡನ ತಮ್ಮನ ಹೆಂಡತಿ ಅವಳು. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು. ಹಿಂದಿನ ಸಂಜೆಯೇ ಇಸ್ತ್ರಿ ಮಾಡಿಟ್ಟ ಹಸಿರು ಸೀರೆ ಅದು. ನಮ್ಮೂರ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಗೆ, ಅಂದರೆ ಪೋಷಕರ ಸಮಿತಿಗೆ, ಅವಳು ಮೂರು ವರ್ಷ ಅಧ್ಯಕ್ಷೆಯಾಗಿದ್ದಳು. ಅವಧಿ ಮುಗಿದಿತ್ತು. ಅವತ್ತು ಹೊಸ ಅಧ್ಯಕ್ಷರ ಆಯ್ಕೆ. ಕಾಗದದ ಪ್ರಕಾರ ಸಮಿತಿಯ ಸದಸ್ಯರು ಅಧ್ಯಕ್ಷರನ್ನು ಆರಿಸಬೇಕು. ನಮ್ಮಲ್ಲಿ ಪೋಷಕರೆಲ್ಲ ಸೇರಿ ಯಾರಿಗೆ ಕೈ ಎತ್ತುತ್ತಾರೋ ಅವರನ್ನೇ ಸದಸ್ಯರು ಒಪ್ಪಿಕೊಳ್ಳುವುದು ರೂಢಿ.

ಅವಳು ಮತ್ತೆ ನಿಂತಿದ್ದಳು. ಇದೇ ಅವಳ ಕೊನೆಯ ಸಲ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಶಾಲೆಯಲ್ಲಿ ಮಗುವಿದ್ದವರು ಮಾತ್ರ ಸಮಿತಿಯಲ್ಲಿರಬಹುದು. ಅವಳ ಮಗಳು ಆಗ ಐದನೇ ಕ್ಲಾಸು. ಈ ಸಲ ತಪ್ಪಿದರೆ ಮುಂದಿನ ಆಯ್ಕೆ ಬರುವಷ್ಟರಲ್ಲಿ ಹುಡುಗಿ ಹೈಸ್ಕೂಲಿಗೆ ಹೋಗಿರುತ್ತಾಳೆ.

ಅವಳಿಗೆ ಕುರ್ಚಿ ಬೇಕಾಗಿದ್ದದ್ದು ಸಂಕಕ್ಕಾಗಿ. ನಮ್ಮೂರಿಗೂ ಹಳ್ಳದಾಚೆಯ ಕೇರಿಗೂ ನಡುವೆ ಒಂದು ಕಾಲುಸಂಕ, ಅಂದರೆ ನಡೆದು ದಾಟುವ ಸಣ್ಣ ಸೇತುವೆ, ಇದೆ. ಅಡಿಕೆ ಮರ ಸೀಳಿದ ದಬ್ಬೆ, ಬಿದಿರು, ತಂತಿ ಇವುಗಳಿಂದ ಕಟ್ಟುವುದು. ಮಳೆಗಾಲಕ್ಕೆ ಮುಂಚೆ ಕಟ್ಟದಿದ್ದರೆ ಆಚೆ ಕೇರಿಯ ಮಕ್ಕಳಿಗೆ ಹಳ್ಳ ಇಳಿಯುವ ತನಕ ಶಾಲೆ ಇಲ್ಲ. ಅವಳು ಬರುವ ಮೊದಲು ಹಾಗೇ ನಡೆದುಕೊಂಡು ಬಂದಿತ್ತು. ಅವಳು ಬಂದ ಮೇಲೆ ಪ್ರತಿ ವರ್ಷ ತಪ್ಪದೆ ಸಂಕ ಕಟ್ಟಿಸಿದಳು, ಎರಡೂ ಕಡೆ ಕೈ ಹಿಡಿಯಲು ಗಳ ಹಾಕಿಸಿದಳು. ಈ ಸಲದ ಕೊಯ್ಲು ಮುಗಿದ ಮೇಲೆ ಎರಡು ದಡಕ್ಕೂ ಕಲ್ಲು ಕಟ್ಟಿಸಬೇಕು, ದಬ್ಬೆ ಹೋದರೂ ಬುಡ ಉಳಿಯುವ ಹಾಗೆ ಮಾಡಬೇಕು ಎಂಬುದು ಅವಳ ತಲೆಯಲ್ಲಿತ್ತು.

ಅವಳ ಎದುರು ನಿಂತವನು ಕೆಳಗಿನ ಮನೆಯ ಹುಡುಗ. ಹುಡುಗ ಎಂದರೆ ಎರಡು ಮಕ್ಕಳ ತಂದೆ. ನಮ್ಮ ಬಾಯಲ್ಲಿ ಇನ್ನೂ ಹುಡುಗ. ಬಾಡಿಗೆಗೆ ಗೂಡ್ಸ್ ಆಟೋ ಓಡಿಸುತ್ತಾನೆ. ಪಂಚಾಯ್ತಿಯಲ್ಲಿ, ಹೊಸನಗರದ ಕಚೇರಿಗಳಲ್ಲಿ ಅವನಿಗೆ ಎಲ್ಲರ ಪರಿಚಯ. ಅವನು ಊರಲ್ಲಿ ಹೇಳಿಕೊಂಡು ಬಂದದ್ದು ಒಂದೇ ಮಾತು: "ಅತ್ತಿಗೆ ವರ್ಷಾ ವರ್ಷಾ ಸಂಕ ಕಟ್ಟಿಸ್ತಾರೆ. ಮೇಲಿನೋರು, ಅಲ್ಲಿ ಸಂಕ ಇದೆಯಲ್ಲ ಅಂತಾರೆ. ನಾವೇ ಕಟ್ಕೊಂಡಷ್ಟು ದಿನ ಅವರು ಸಿಮೆಂಟಿಂದು ಕಟ್ಟಲ್ಲ." ಅದು ಸುಳ್ಳು ಎನ್ನಲು ನನಗೆ ಬಾಯಿ ಬರಲಿಲ್ಲ. ನನ್ನ ಓರಗಿತ್ತಿಗೂ ಬಂದಿರಲಿಲ್ಲ.

ಅವಳು ಕೆಲಸ ಮಾಡಿಸುವ ರೀತಿಯನ್ನು ಇಲ್ಲಿ ಹೇಳಲೇಬೇಕು. ಅಧ್ಯಕ್ಷೆಯಾದ ಹೊಸತರಲ್ಲಿ ಶಾಲೆಯ ಅಂಗಳದ ಜಿಗ್ಗು, ಪೊದೆ ಸವರಲು ಶ್ರಮದಾನ ಎಂದು ಊರಿಗೆಲ್ಲ ಹೇಳಿಸಿದ್ದಳು. ಬಂದವರು ಇಬ್ಬರು. ಒಬ್ಬ ಫೋಟೋ ತೆಗೆಸಿಕೊಂಡು ಹೋದ. ಅವತ್ತು ಸಂಜೆ ಅವಳು ಅಡುಗೆಮನೆಯಲ್ಲಿ ನನ್ನ ಎದುರು ಕೂತು ಬಸಳೆ ದಂಟು ಮುರಿಯುತ್ತಾ, "ಅಕ್ಕಾ, ದಾನ ಅಂದ್ರೆ ಜನಕ್ಕೆ ಪುರುಸೊತ್ತಿಲ್ಲ. ಮುಯ್ಯಿ ಅಂದ್ರೆ ಬರ್ತಾರಲ್ವಾ?" ಎಂದಳು.

ಮುಯ್ಯಾಳು ಎಂದರೆ ಗೊತ್ತಲ್ಲ. ಇವತ್ತು ನಿಮ್ಮ ಗದ್ದೆಗೆ ನಮ್ಮದೊಂದು ಆಳು, ನಾಳೆ ನಮ್ಮ ಗದ್ದೆಗೆ ನಿಮ್ಮದೊಂದು. ಕೂಲಿ ಇಲ್ಲ, ಊಟ ಉಂಟು. ಕರೆದ ದಿನ ಹೋಗಬೇಕು, ನಮಗೆ ಅನುಕೂಲವಾದ ದಿನವಲ್ಲ. ನನ್ನ ತವರು ತೀರ್ಥಹಳ್ಳಿಯಿಂದಾಚೆ, ಆಗುಂಬೆ ದಾರಿಯಲ್ಲಿ. ಅಲ್ಲೂ ಮುಯ್ಯಾಳು ನೋಡಿಯೇ ಬೆಳೆದವಳು ನಾನು. ಆದರೆ ಶಾಲೆಯ ಅಂಗಳವನ್ನೂ ಒಂದು ಗದ್ದೆ ಎಂದು ಎಣಿಸಿದವರನ್ನು ಇವಳ ಹೊರತು ಕಂಡಿಲ್ಲ. ಮನೆ ಮನೆಗೆ ಹೋಗಿ, "ನಿಮ್ಮ ಮನೆಗೆ ನಾನು ಒಂದು ದಿನ ಬರ್ತೀನಿ, ನೀವು ಶಾಲೆಗೆ ಒಂದು ದಿನ ಬನ್ನಿ" ಎಂದಳು. ಮತ್ತು ಹೋದಳು. ಒಬ್ಬರ ಮನೆಯಲ್ಲಿ ಗೊಬ್ಬರ ಹೊತ್ತಳು, ಇನ್ನೊಬ್ಬರ ಮನೆಯಲ್ಲಿ ಅಡಿಕೆ ಸುಲಿದಳು. ಆಚೆ ಕೇರಿಯ ಒಬ್ಬ ಬಾಣಂತಿಗೂ ಕೂಸಿಗೂ ನೀರು ಹಾಕಿ ಬಂದಳು. ಕಣ್ಣಿನ ಪೊರೆ ತೆಗೆಸಬೇಕಾಗಿದ್ದ ಒಬ್ಬ ಮುದುಕರ ಜತೆ ಸಾಗರದ ಆಸ್ಪತ್ರೆಯಲ್ಲಿ ಇಡೀ ದಿನ ಬೆಂಚಿನ ಮೇಲೆ ಕೂತಿದ್ದು ಬಂದಳು.

"ಇದೂ ಮುಯ್ಯಾಳೇನೇ ಮಾರಾಯ್ತಿ?" ಎಂದು ನಾನು ಕೇಳಿದ್ದೆ.

"ಅವರ ಸೊಸೆ ಹೋಗ್ಬೇಕಿತ್ತು ಅಕ್ಕ. ನಾನು ಹೋದೆ, ಅವಳಿಗೊಂದು ದಿನ ಉಳೀತು. ಆ ದಿನ ಶಾಲೆಗೆ ಬಂತು."

ಹಾಗೆ ಬಂದ ದಿನಗಳಲ್ಲಿ ಶಾಲೆಯ ಅಂಗಳ ಸಪಾಟಾಯಿತು, ಅಡುಗೆ ಕೋಣೆಗೆ ಸುಣ್ಣ ಬಿತ್ತು, ಮಾಡಿನ ಒಡೆದ ಹೆಂಚು ಬದಲಾಯಿತು, ಸಂಕ ಎದ್ದಿತು. ನಾನು ಅವಳ ಜತೆ ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವವಳು. ಹತ್ತಿರದಿಂದ ನೋಡಿದ ಮನುಷ್ಯರು ಸಾಮಾನ್ಯವಾಗಿ ಸಣ್ಣವರಾಗಿ ಕಾಣುತ್ತಾರೆ. ಇವಳು ದೋಸೆ ಸೀದು ಹಾಕಿದಾಗಲೂ, ಗಂಡನ ಮೇಲೆ ಕೂಗಾಡಿದಾಗಲೂ ನನ್ನ ಕಣ್ಣಿಗೆ ಸಣ್ಣವಳಾಗಲಿಲ್ಲ.

ಅವತ್ತು ಅವಳು ಸೀರೆಯ ನೆರಿಗೆ ಸಿಕ್ಕಿಸುತ್ತಿರುವಾಗಲೇ ಬೇಲಿಯ ದಣಪೆಯ ಹತ್ತಿರ ಕೆಮ್ಮು ಕೇಳಿಸಿತು. ಕೆಳಗಿನ ಮನೆಯ ದೊಡ್ಡಮ್ಮ. ಎದುರು ನಿಂತಿದ್ದಾನಲ್ಲ, ಆ ಹುಡುಗನ ತಾಯಿ. ಆ ಮನೆಯ ಗದ್ದೆ, ಕಣ, ಕಣಜ ಎಲ್ಲ ಅವರ ಕೈಯಲ್ಲೇ.

"ಮೋಡ ಕಂಡ್ರಾ?" ಎಂದರು ಜಗಲಿಗೂ ಹತ್ತದೆ. "ನಮ್ಮದು ಕೊಯ್ದು ಬಿಟ್ಟಿದ್ದೆಲ್ಲ ಗದ್ದೇಲೇ ಇದೆ. ಇವತ್ತು ಸಿವುಡು ಕಟ್ಟಿ ಕಣಕ್ಕೆ ಹಾಕ್ದಿದ್ರೆ ತೆನೇಲೇ ಮೊಳಕೆ ಬರ್ತದೆ. ನಿಂದೊಂದು ಆಳು ನಮ್ಮನೆಗೆ ಬಾಕಿ ಇತ್ತಲ್ಲೇ?"

ನಾನೇ ಬಾಯಿ ಹಾಕಿದೆ. "ದೊಡ್ಡಮ್ಮಾ, ಇವತ್ತು ಶಾಲೇಲಿ ಆಯ್ಕೆ ಅಲ್ವಾ? ಇವಳೂ ನಿಂತಿದಾಳೆ, ನಿಮ್ಮ ಮಗನೂ ನಿಂತಿದಾನೆ."

"ನಿಂತ್ಕೊಳ್ಳಿ. ಗದ್ದೇಲಿ ನಿಂತ್ಕೊಳ್ಳಿ. ನಾನು ಮೋಡಕ್ಕೆ ನಾಳೆ ಬಾ ಅನ್ಲಾ?" ಎಂದವರೇ ಮುಂದಿನ ಮನೆಗೆ ಹೊರಟರು.

ಬೇಕೆಂದೇ ಕರೆದರೋ, ಬತ್ತದ ಚಿಂತೆಯಲ್ಲಿ ಬೇರೇನೂ ತೋಚದೆ ಕರೆದರೋ ಎಂದು ನಾನು ಆಮೇಲೆ ಬಹಳ ಯೋಚಿಸಿದ್ದೇನೆ. ಬತ್ತದ ಚಿಂತೆಯೇ ಇರಬೇಕು. ಅವರು ಮಗನನ್ನೂ ಬಿಟ್ಟಿರಲಿಲ್ಲ ಎಂಬುದು ಗದ್ದೆಗೆ ಹೋದ ಮೇಲೆ ತಿಳಿಯಿತು.

"ನಾನು ಹೋಗ್ತೀನಿ. ಒಂದು ಆಳಿಗೆ ಒಂದು ಆಳು ಸರಿ ಆಯ್ತಲ್ಲ. ನೀನು ಶಾಲೆಗೆ ಹೊರಡು," ಎಂದೆ.

ಅವಳು ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಸೆರಗಿನ ಪಿನ್ನು ತೆಗೆದಳು. "ಆ ಮನೆ ಸೊಸೆ ಶಾಲೆಗೆ ಸುಣ್ಣ ಹೊಡೆಯೋಕೆ ಜ್ವರ ಇಟ್ಕೊಂಡು ಬಂದಿದ್ಲು ಅಕ್ಕ. ಇವತ್ತೇ ಯಾಕೆ ಅಂತ ಕೇಳ್ಲಿಲ್ಲ. ಊರಿಗೆಲ್ಲ, ಕರೆದ ದಿನ ಬನ್ನಿ ಅಂದೋಳು ನಾನು. ನನ್ನ ಕರೆದ ದಿನ ನಿಮ್ಮನ್ನ ಕಳಿಸ್ಲಾ?"

"ಹಾಗಾದ್ರೆ ಆಯ್ಕೆ?"

"ಬೇಗ ಮುಗಿಸಿ ಹೋಗೋದಪ್ಪ."

ಹಸಿರು ಸೀರೆ ಮಡಿಚಿ ಮಂಚದ ಮೇಲಿಟ್ಟಳು. ಹಳೇ ಸೀರೆ ಉಟ್ಟು, ಮೇಲೆ ಗಂಡನ ತುಂಬು ತೋಳಿನ ಶರ್ಟು ಹಾಕಿ, ತಲೆಗೆ ಟವೆಲು ಕಟ್ಟಿದಳು. ಕೈ ಹೆಚ್ಚಾದರೆ ಬೇಗ ಮುಗಿದೀತು ಎಂದು ನಾನೂ ಒಲೆ ಆರಿಸಿ ಹಿಂದೆಯೇ ಹೊರಟೆ.

ಗದ್ದೆಯ ಏರಿ ಹತ್ತಿ ನೋಡಿದರೆ ಅರ್ಧ ಊರು ಅಲ್ಲೇ ಇತ್ತು. ಆ ಮನೆಯ ಮುಯ್ಯಿ ದೊಡ್ಡದು. ಶಾಲೆಯಲ್ಲಿ ಕೈ ಎತ್ತಬೇಕಾದವರೆಲ್ಲ ಗದ್ದೆಯಲ್ಲಿ ಬಗ್ಗಿದ್ದರು.

"ಓಹೋ, ಅಧ್ಯಕ್ಷರ ಸವಾರಿ ಬಂತು!" ಎಂದು ಒಬ್ಬಳು ಕೂಗಿದಳು. "ಮೀಟಿಂಗು ಇಲ್ಲೇನಾ?"

"ಹೌದೇ. ಕುರ್ಚಿ ತಂದಿಲ್ಲ, ಸಿವುಡಿನ ಮೇಲೆ ಕೂತ್ಕೊ," ಎಂದು ಓರಗಿತ್ತಿ ಸಾಲಿಗೆ ಇಳಿದಳು.

ಎದುರಾಳಿ ಹುಡುಗ ಮಂಡಿ ತನಕ ಲುಂಗಿ ಕಟ್ಟಿ, ತಲೆಗೆ ಸಿಂಬಿ ಇಟ್ಟುಕೊಂಡು ಹೊರೆ ಹೊರುತ್ತಿದ್ದ. ನಮ್ಮನ್ನು ನೋಡಿ ಹಲ್ಲು ಬಿಟ್ಟ.

"ಎಂಥ ಮಾರಾಯ, ನೀನಾದ್ರೂ ಹೋಗ್ಬಾರ್ದಿತ್ತಾ?" ಎಂದೆ.

"ಹೋಗೋಕೆ ಪ್ಯಾಂಟು ಬೇಕಲ್ಲಕ್ಕ. ಅಮ್ಮ ಅಡಗಿಸಿ ಇಟ್ಟಿದಾಳೆ."

ಆಚೆ ಬದುವಿನಿಂದ ದೊಡ್ಡಮ್ಮನ ದನಿ ಬಂತು. "ಹೌದು, ಇಟ್ಟಿದೀನಿ. ನಟ್ಟಿ ದಿನ ಬಾಡಿಗೆ, ಕೊಯ್ಲಿನ ದಿನ ಅಧ್ಯಕ್ಷಗಿರಿ. ಉಣ್ಣೋ ದಿನ ಮಾತ್ರ ಮನೇಲಿ!"

ಗದ್ದೆಯೆಲ್ಲ ನಕ್ಕಿತು.

ಕೊಯ್ದು ಹಾಸಿದ ಬತ್ತವನ್ನು ಎರಡು ತೋಳಿನಲ್ಲಿ ಒಟ್ಟು ಮಾಡಿ, ಅದರದೇ ನಾಲ್ಕು ದಂಟು ಹುರಿ ಹೊಸೆದು ಸುತ್ತಿ, ತುದಿ ಸಿಕ್ಕಿಸಿದರೆ ಸಿವುಡು. ಹೆಂಗಸರು ಕಟ್ಟುತ್ತಾ ಹೋದೆವು. ಗಂಡಸರು ಹೊತ್ತು ಕಣಕ್ಕೆ ಸಾಗಿಸಿದರು. ಅಲ್ಲಿ ಒಬ್ಬ ಹಿರಿಯರು ತೆನೆ ಒಳಗೆ ಬರುವಂತೆ ಸುತ್ತು ಜೋಡಿಸಿ ಬಣವೆಯ ಹಾಗೆ ಗೊಣಬೆ ಏರಿಸುತ್ತಿದ್ದರು. ಓರಗಿತ್ತಿ ತಲೆ ಎತ್ತದೆ ಕಟ್ಟುತ್ತಿದ್ದಳು. ಅವಳ ಸಿವುಡುಗಳೆಲ್ಲ ಒಂದೇ ಅಳತೆ, ಒಂದೇ ಬಿಗಿ. ನಾನು ಆಗಾಗ ಸೂರ್ಯನನ್ನು ಹುಡುಕುತ್ತಿದ್ದೆ. ಮೋಡದೊಳಗೆ ಎಲ್ಲಿದ್ದಾನೆಂದು ಗೊತ್ತಾಗುತ್ತಿರಲಿಲ್ಲ.

ಹುಡುಗ ಹೊರೆಗೆಂದು ಬಂದು ಅವಳ ಎದುರು ನಿಂತ. "ಅತ್ತಿಗೆ, ಒಂದು ಮಾತು. ನೀವು ಗೆದ್ರೂ ನಾನು ಸಿಮೆಂಟು ಸಂಕದ ಅರ್ಜಿ ಬಿಡಲ್ಲ."

"ಬಿಡ್ಬೇಡ. ಆದ್ರೆ ಅರ್ಜಿ ಮೇಲೆ ಕಾಲಿಟ್ಟು ಮಕ್ಕಳು ಹಳ್ಳ ದಾಟಲ್ಲ ತಮ್ಮಾ."

"ಒಂದು ವರ್ಷ ಸಂಕ ಕಟ್ದೆ ಬಿಟ್ಟು ನೋಡಿ. ಪೇಪರಲ್ಲಿ ಬರ್ತದೆ, ತಾವಾಗೇ ಓಡಿ ಬರ್ತಾರೆ."

"ಬರ್ಬೋದು. ಆ ವರ್ಷ ಒಂದನೇ ಕ್ಲಾಸಲ್ಲಿರೋ ಮಗೂಗೆ ಆ ವರ್ಷ ಯಾರು ವಾಪಸ್ ಕೊಡ್ತಾರೆ?"

ಅವನು ತಲೆಯ ಸಿಂಬಿ ಸರಿಮಾಡಿಕೊಂಡ. "ಅದೂ ಹೌದು, ಇದೂ ಹೌದು," ಎಂದ. "ಹೊರೆ ಎತ್ತಿ."

ಅವಳು ಹೊರೆಗೆ ಕೈ ಕೊಟ್ಟು ಅವನ ತಲೆಯ ಮೇಲೆ ಸರಿಯಾಗಿ ಕೂರಿಸಿದಳು. ಅವತ್ತು ಬೆಳಗಿನಿಂದ ಅವನ ತಲೆಗೆ ಹೆಚ್ಚು ಹೊರೆ ಎತ್ತಿದವಳು ಅವಳೇ. ಚುನಾವಣೆಗೆ ನಿಂತ ಇಬ್ಬರನ್ನು ಟಿವಿಯಲ್ಲಿ ನೋಡಿದ್ದೇನೆ. ಹೀಗೆ ನೋಡಿರಲಿಲ್ಲ.

ಅಷ್ಟರಲ್ಲಿ ಶರ್ಟಿನ ಜೇಬಿನಲ್ಲಿದ್ದ ಅವಳ ಫೋನು ಬಡಿದುಕೊಂಡಿತು. ಶಾಲೆಯ ಹೆಡ್ ಮೇಡಂ. ಅವರ ಗಾಬರಿ ಪಕ್ಕದಲ್ಲಿದ್ದ ನನಗೂ ಕೇಳಿಸುತ್ತಿತ್ತು. "ಎಲ್ಲಿದೀರಿ? ಕಚೇರಿಯಿಂದ ಸರ್ ಬಂದು ಕೂತಿದಾರೆ. ಪೋಷಕರು ಬೆರಳೆಣಿಕೆಯಷ್ಟೂ ಇಲ್ಲ!"

"ಎಲ್ಲಾ ಇಲ್ಲೇ ಇದೀವಿ ಮೇಡಂ. ಗದ್ದೇಲಿ."

ಅತ್ತ ಸ್ವಲ್ಪ ಹೊತ್ತು ಗುಸುಗುಸು. ಆಮೇಲೆ ಮೇಡಂ ಹೇಳಿದರು. ಸರ್ ಮಧ್ಯಾಹ್ನದ ಬಿಸಿಯೂಟ ಮುಗಿಯುವ ತನಕ ಕಾಯುತ್ತಾರೆ. ಆಮೇಲೆ ಅವರಿಗೆ ಬೇರೆ ಶಾಲೆ ಇದೆ. ಅಷ್ಟರಲ್ಲಿ ಬಂದವರಲ್ಲಿ ಯಾರಾದರೂ ಒಬ್ಬರನ್ನು ಆರಿಸಿ ಮುಗಿಸುತ್ತಾರೆ.

ಫೋನು ಜೇಬಿಗಿಟ್ಟು ಅವಳು ಸಾಲಿನ ಉದ್ದ ನೋಡಿದಳು. ಇನ್ನೂ ಎರಡು ಗದ್ದೆ ಬಾಕಿ ಇತ್ತು. "ಕೇಳಿದ್ರಲ್ಲ, ಕೈ ಓಡ್ಲಿ," ಎಂದಳು, ಅಷ್ಟೇ. ಆಮೇಲೆ ಗದ್ದೆಯಲ್ಲಿ ಮಾತು ಕಡಿಮೆಯಾಯಿತು. ದೊಡ್ಡಮ್ಮನ ಸೊಸೆ ತಂದ ಅವಲಕ್ಕಿಯನ್ನೂ ಚಾವನ್ನೂ ನಿಂತೇ ಮುಗಿಸಿದೆವು.

ಕೊನೆಯ ಗದ್ದೆ ಮುಕ್ಕಾಲು ಉಳಿದಿರುವಾಗ ದೊಡ್ಡಮ್ಮ ಮಗನನ್ನು ಕರೆದರು. "ಹೋಗು. ಹೊರೋದು ಇನ್ನು ಇದ್ದೋರು ನೋಡ್ಕೊಳ್ತಾರೆ. ನಿನ್ನ ಪ್ಯಾಂಟು ಅಕ್ಕಿ ಡಬ್ಬದ ಹಿಂದೆ ಇದೆ."

ಅವನು ಓಡಿದ. ಪ್ಯಾಂಟು ಹಾಕಿ ಆಟೋ ತಂದು ಏರಿಯ ಪಕ್ಕ ನಿಲ್ಲಿಸಿದ. ಬತ್ತ ಹೊತ್ತವರಲ್ಲಿ ಕೆಲವರು ಹಿಂದೆ ಹತ್ತಿದರು. "ಬನ್ನಿ ಅತ್ತಿಗೆ, ಮುಂದೆ ಕೂತ್ಕೊಳ್ಳಿ," ಎಂದ.

ಅವಳು ದೊಡ್ಡಮ್ಮನ ಮುಖ ನೋಡಿದಳು. ಮುಯ್ಯಾಳು ಮುಗಿಯುವುದು ಮನೆಯವರು ಸಾಕು, ಕೈಕಾಲು ತೊಳೆದುಕೊಳ್ಳಿ ಎಂದಾಗ. ದೊಡ್ಡಮ್ಮ ಅನ್ನಲಿಲ್ಲ. ಅವರ ಕಣ್ಣು ಆಕಾಶದಲ್ಲಿತ್ತು.

"ನೀವು ನಡೀರಿ. ಇದೊಂದು ಸಾಲು ಮುಗಿಸಿ ಬರ್ತೀನಿ," ಎಂದು ಅವಳು ಮತ್ತೆ ಬಗ್ಗಿದಳು.

ಆಟೋ ಹೋಯಿತು. ನನಗೆ ಮೈ ಉರಿಯಿತು. "ದೊಡ್ಡಮ್ಮಾ, ಮಗನ್ನ ಕಳಿಸಿದ್ರಿ, ಇವಳನ್ನ ಇಟ್ಕೊಂಡ್ರಿ. ಚೆನ್ನಾಗಿದೆ ನಿಮ್ಮ ನ್ಯಾಯ," ಎಂದೇ ಬಿಟ್ಟೆ.

"ಮಗನ ಕಟ್ಟು ಅರ್ಧ ದಾರೀಲಿ ಬಿಚ್ಕೊಳ್ತದೆ," ಎಂದರು ದೊಡ್ಡಮ್ಮ ತಣ್ಣಗೆ. "ಇವಳದ್ದು ಬಿಚ್ಚಲ್ಲ. ನಾನು ಯಾರನ್ನ ಇಟ್ಕೊಳ್ಳಿ?"

ಓರಗಿತ್ತಿ ಬಗ್ಗಿದಲ್ಲೇ ನಕ್ಕಳು. "ಬಿಡಿ ಅಕ್ಕ, ಕಟ್ಟಿ," ಎಂದಳು. ನಾನು ಸಿಟ್ಟಿನಲ್ಲಿ ಕಟ್ಟಿದ ಸಿವುಡುಗಳನ್ನು ಬಡಿಯುವ ದಿನ ಬಿಚ್ಚಲು ಕತ್ತಿಯೇ ಬೇಕಾಗಿರಬೇಕು.

ಕೊನೆಯ ಸಿವುಡು ಕಟ್ಟಿದ್ದು ಅವಳು. ಆಗ ದೊಡ್ಡಮ್ಮ, "ಸಾಕು ಕಣೇ. ಕೈಕಾಲು ತೊಳ್ಕೊ. ಉಳಿದ ಹೊರೆ ನಾವು ಹೊರ್ತೀವಿ," ಎಂದರು. ಅಷ್ಟರಲ್ಲಿ ಬಿಸಿಯೂಟದ ಹೊತ್ತು ಆಗಲೇ ದಾಟಿತ್ತು. ಇನ್ನು ಶಾಲೆಗೆ ಹೋಗಿ ಫಲವೇನು ಎಂದು ನಾನು ಅಂದುಕೊಳ್ಳುತ್ತಿರುವಾಗ ಏರಿಯ ಮೇಲೆ ಆಟೋ ಸದ್ದು ಕೇಳಿಸಿತು. ಹುಡುಗ ವಾಪಸು ಬಂದಿದ್ದ.

"ಶುರು ಮಾಡೋಕೆ ಬಿಟ್ಟಿಲ್ಲ ಅತ್ತಿಗೆ. ಅವರು ನಮ್ಮ ಗದ್ದೇಲಿದಾರೆ, ಅವರನ್ನ ಬಿಟ್ಟು ನಾನು ಗೆದ್ರೆ ಊರಲ್ಲಿ ಮುಖ ತೋರ್ಸೋದು ಹೆಂಗೆ ಅಂತ ಸರ್‌ಗೆ ಹೇಳ್ದೆ. ಬೇಗ ಹತ್ತಿ."

ಏಳನೇ ಕ್ಲಾಸಿನ ಕೋಣೆಯಲ್ಲಿ ಸಭೆ. ನಾನು ಪೋಷಕಿಯಲ್ಲದ್ದರಿಂದ ಹೊರಗೆ ಜಗಲಿಯಲ್ಲಿ ಕಿಟಕಿಗೆ ಒರಗಿ ನಿಂತೆ. ನಲ್ಲಿಯಲ್ಲಿ ಕಾಲು ತೊಳೆದು ಒಳಗೆ ಹೋದವರ ಹೆಜ್ಜೆ ಸಿಮೆಂಟಿನ ಮೇಲೆ ಒದ್ದೆಯಾಗಿ ಸಾಲು ಹಿಡಿದಿತ್ತು. ಮಕ್ಕಳ ಬೆಂಚುಗಳಲ್ಲಿ ಮಂಡಿ ಮಡಚಿ ಕೂತಿದ್ದವರ ತಲೆಯಲ್ಲೆಲ್ಲ ಹುಲ್ಲಿನ ಚೂರು. ಹುಡುಗ ಎದ್ದು ಚೆನ್ನಾಗಿ ಮಾತಾಡಿದ. ಪಂಚಾಯ್ತಿ, ಅನುದಾನ, ಸಿಮೆಂಟು ಸಂಕ, ಹೊಸ ಶೌಚಾಲಯ. ಓರಗಿತ್ತಿ ಎದ್ದಳು, ಗಂಡನ ಶರ್ಟಿನಲ್ಲೇ. "ಕೊಯ್ಲು ಮುಗಿದ ಮೇಲೆ ದಡಕ್ಕೆ ಕಲ್ಲು ಕಟ್ಟೋಣ. ಮಳೆಗೆ ಮುಂಚೆ ಮುಗೀಬೇಕು," ಎಂದು ಕೂತಳು.

ಹೆಡ್ ಮೇಡಂ ಕೈ ಎತ್ತಿಸಿದರು. ಮೊದಲು ಅವಳಿಗೆ, ಆಮೇಲೆ ಅವನಿಗೆ. ಎರಡನೇ ಸಲ ಎದ್ದ ಕೈಗಳು ಹೆಚ್ಚು ಎಂದು ಎಣಿಸದೆಯೇ ಗೊತ್ತಾಗುತ್ತಿತ್ತು. ಅದರಲ್ಲಿ ಆಚೆ ಕೇರಿಯವರ ಕೈಗಳೂ ಇದ್ದವು.

ಸಂಕ ಕಟ್ಟುವಾಗೆಲ್ಲ ಮೊದಲು ನೀರಿಗಿಳಿಯುವ, ಆಚೆ ಕೇರಿಯ ಒಬ್ಬ ಗೃಹಸ್ಥರು ಎದ್ದರು. "ಬೇಜಾರು ಮಾಡ್ಕೋಬೇಡಿ ಅಕ್ಕ," ಎಂದರು. "ನೀವು ಅಧ್ಯಕ್ಷರಾದ್ರೂ, ಆಗ್ದಿದ್ರೂ, ಕರೆದ್ರೆ ಬರ್ತೀರಿ. ಇವತ್ತು ಕಣ್ಣಾರೆ ಕಂಡ್ವಲ್ಲ. ಇವನು ಹಂಗಲ್ಲ. ಕುರ್ಚಿ ಕೊಟ್ರೆ ಮಾತ್ರ ಪಂಚಾಯ್ತಿಗೆ ಓಡಾಡ್ತಾನೆ. ನಮಗೆ ಇಬ್ರೂ ಬೇಕು. ಅದಕ್ಕೇ ಅವನಿಗೆ ಎತ್ತಿದ್ದು."

ಎಲ್ಲರೂ ನಕ್ಕರು. ಗೆದ್ದವನ ಮುಖ ನೋಡಬೇಕಿತ್ತು. ಹೊಗಳಿದ್ದೋ ಬೈದದ್ದೋ ಅವನಿಗೇ ತಿಳಿದಂತಿರಲಿಲ್ಲ. ಓರಗಿತ್ತಿಯೂ ನಕ್ಕಳು. ಎದ್ದು ಹೋಗಿ, ಮೇಡಂ ತರಿಸಿಟ್ಟಿದ್ದ ಸೇವಂತಿಗೆ ಹಾರವನ್ನು ತಾನೇ ಅವನ ಕೊರಳಿಗೆ ಹಾಕಿದಳು.

ಮನೆಯ ದಾರಿಯಲ್ಲಿ ಅರ್ಧ ದೂರ ಅವಳು ನನ್ನ ಮುಂದೆ ನಡೆದಳು. ಆಮೇಲೆ, "ಅಂದ್ರೆ ನಾನು ಬಿಟ್ಟಿ ಅಂತಾಯ್ತು, ಅಲ್ವಾ ಅಕ್ಕ," ಎಂದಳು.

ನಾನು ಅವಳ ಶರ್ಟಿಗೆ ಅಂಟಿದ್ದ ಹುಲ್ಲಿನ ಚೂರು ತೆಗೆದೆ.

"ಗದ್ದೆಗೆ ಹೋಗದಿದ್ರೆ ಗೆಲ್ತಿದ್ನಾ?"

"ಗೆಲ್ತಿದ್ದೆ ಅಂತ ಕಾಣ್ತದೆ," ಎಂದೆ. ಅವಳಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ ನನಗೆ.

"ಹೋಗದೆ ಇರೋಕೆ ಆಗ್ತಿರ್ಲಿಲ್ಲ ಆದ್ರೆ," ಎಂದಳು.

ಮನೆಗೆ ಬಂದು ಹಿತ್ತಿಲ ಮೆಟ್ಟಿಲ ಮೇಲೆ ಕೂತು ಅತ್ತಳು. ಜೋರಾಗಿ ಅಲ್ಲ, ಶರ್ಟಿನ ತೋಳಿನಲ್ಲಿ ಮೂಗು ಒರೆಸಿಕೊಂಡು. ಮೈದುನ ಬಂದು ಸಮಾಧಾನ ಹೇಳಲು ನೋಡಿದ: "ಹೋಗ್ಲಿ ಬಿಡೇ. ಇನ್ನಾದ್ರೂ ಮನೇಲಿರ್ತೀಯಲ್ಲ." ಅವಳು ತಲೆ ಎತ್ತಿ ಒಮ್ಮೆ ನೋಡಿದಳು. ಅವನು ಪಂಪ್‌ಸೆಟ್ ನೋಡಿ ಬರುತ್ತೇನೆಂದು ಹೊರಟೇ ಹೋದ. ನಾನು ಚಾ ಮಾಡಿ ಲೋಟ ಪಕ್ಕದಲ್ಲಿಟ್ಟೆ. ಕುಡಿಯಲಿಲ್ಲ, ಕೆನೆ ಕಟ್ಟಿತು.

ಅಷ್ಟರಲ್ಲಿ ಆಚೆ ಕೇರಿಯ ಹೆಂಗಸೊಬ್ಬಳ ಫೋನು ಬಂತು. ಕಲ್ಲಿನ ಕೆಲಸ ಯಾವತ್ತು ಶುರು ಅಂತ. "ಹೊಸ ಅಧ್ಯಕ್ಷರನ್ನ ಕೇಳು," ಎಂದು ಇವಳು ಫೋನು ಇಟ್ಟಳು. ಅವಳ ಬಾಯಲ್ಲಿ ಅಂಥ ಮಾತು ನಾನು ಅದೇ ಮೊದಲು ಕೇಳಿದ್ದು. ಇನ್ನು ಇವಳು ಶಾಲೆಯ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡೆ. ಹಾಕದಿದ್ದರೆ ತಪ್ಪು ಹೊರಿಸಲು ನನಗೆ ಮನಸ್ಸಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಹನಿ ಶುರುವಾಯಿತು. ಮೊದಲು ಒಂದೊಂದು, ಆಮೇಲೆ ಹೆಂಚಿನ ಮೇಲೆ ಅಕ್ಕಿ ಸುರಿದ ಹಾಗೆ. ಅವಳು ಎದ್ದು ಬಾಗಿಲಲ್ಲಿ ನಿಂತು ಕೆಳಗಿನ ಮನೆಯ ಕಣದ ಕಡೆ ನೋಡಿದಳು. ಕೆನ್ನೆ ಒರೆಸಿಕೊಂಡು ಫೋನು ತೆಗೆದಳು.

"ತಮ್ಮಾ, ಗೊಣಬೆಗೆ ಟಾರ್ಪಲ್ ಸರಿ ಹಾಕಿದೀರಾ? ಪಡುವಣ ಗಾಳಿ ಇದೆ, ಆ ಕಡೆ ಕಲ್ಲು ಕಟ್ಟಿ."

ಅವನೇನೋ ಹೇಳಿದ. ಅವಳು ಕೇಳಿಸಿಕೊಂಡಳು. ಆಮೇಲೆ ಅವಳ ದನಿ ಬದಲಾಯಿತು. ಶಾಲೆಯ ಕೆಲಸ ಹೇಳುವಾಗಿನ ದನಿ.

"ಇನ್ನೊಂದು ವಿಷ್ಯ. ನಿನ್ನ ಅರ್ಜಿ ನೀನು ಹಾಕು, ನಾನೂ ಸಹಿ ಹಾಕ್ತೀನಿ. ಆದ್ರೆ ದಡದ ಕಲ್ಲಿನ ಕೆಲಸ ನಿಲ್ಲೋಹಂಗಿಲ್ಲ. ಮೊದಲನೇ ಆಳು ನಿಂದು. ಹೆಂಡ್ತೀನ ಕಳಿಸೋದಲ್ಲ, ನೀನೇ ನೀರಿಗೆ ಇಳೀಬೇಕು."

ಫೋನಿನಿಂದ ಅವನ ದನಿ ನನಗೂ ಕೇಳಿಸಿತು. "ಇಳೀತೀನಿ ಅತ್ತಿಗೆ. ದಿನ ಯಾವತ್ತು ಅಂತ ಹೇಳಿ."

"ನಾನಲ್ಲ ಹೇಳೋದು. ಅಧ್ಯಕ್ಷ ನೀನು. ನೀನು ಕರಿ, ನಾನು ಬರ್ತೀನಿ."

ಫೋನು ಇಟ್ಟು ಅವಳು ಬಚ್ಚಲಿಗೆ ಹೋದಳು. ಗೆದ್ದಿದ್ದರೆ ಅವಳೊಬ್ಬಳೇ ಊರನ್ನು ಸಂಕಕ್ಕೆ ಎಳೆದು ತರಬೇಕಿತ್ತು. ಈಗ ಅವನನ್ನೂ ನೊಗಕ್ಕೆ ಹೂಡಿದಳು. ಅದನ್ನು ಲೆಕ್ಕ ಹಾಕಿ ಮಾಡಿದಳು ಎಂದು ನಾನು ಹೇಳಲಾರೆ. ನೋವು ಆರುವ ಮೊದಲೇ ಮನುಷ್ಯರೊಬ್ಬರಿಗೆ ಹಾಗೆ ಮಾತಾಡಲು ಆಗುತ್ತದೆ ಎಂಬುದೇ ನನಗೆ ದೊಡ್ಡದಾಗಿ ಕಂಡಿತು. ಇಷ್ಟು ವರ್ಷ ಒಂದೇ ಅಡುಗೆಮನೆಯಲ್ಲಿದ್ದೂ ಅವಳ ಅಳತೆ ನನಗೆ ಸಿಕ್ಕಿಲ್ಲ ಎನಿಸಿ, ಒಲೆಯ ಮುಂದೆ ಸುಮ್ಮನೆ ಕೂತಿದ್ದೆ.

ಗದ್ದೆಗೆ ಬಂದವರು ಉಣ್ಣದೆ ಶಾಲೆಗೆ ಓಡಿದ್ದರಿಂದ ದೊಡ್ಡಮ್ಮ ಮುಯ್ಯಾಳಿನ ಊಟವನ್ನು ಮನೆ ಮನೆಗೆ ಕಳಿಸಿದ್ದರು. ಸೊಸೆ ಕೊಡೆ ಹಿಡಿದುಕೊಂಡು ತಂದು ಕೊಟ್ಟಳು: ಅಕ್ಕಿ ಕಡುಬು, ನಾಟಿ ಕೋಳಿಸಾರು. ನಾನು ಅನ್ನಕ್ಕಿಟ್ಟಿದ್ದೆ, ಬೆಳಗಿನ ಚಟ್ನಿಯೂ ಸ್ವಲ್ಪ ಇತ್ತು. ಅವನ್ನು ಯಾರೂ ಮುಟ್ಟಲಿಲ್ಲ. ಓರಗಿತ್ತಿ ಕಡುಬು ಮುರಿದು ಸಾರಿನಲ್ಲಿ ನೆನೆಸಿ, "ಖಾರ ಸ್ವಲ್ಪ ಜಾಸ್ತಿ ಆಯ್ತು ದೊಡ್ಡಮ್ಮಂಗೆ," ಎನ್ನುತ್ತಾ ಮತ್ತೊಂದು ಕಡುಬು ಹಾಕಿಸಿಕೊಂಡಳು. ಹುಡುಗಿ ಕೋಳಿಯ ಕಾಲು ಯಾರಿಗೆ ಎಂದು ಅಪ್ಪನ ಜತೆ ಜಗಳವಾಡಿ ಗೆದ್ದಳು. ಊಟವಾದ ಮೇಲೆ ನಾನು ಪಾತ್ರೆ ತೊಳೆದು, ಹಾಲಿಗೆ ಹೆಪ್ಪು ಹಾಕಿ, ಒಲೆ ಬಳಿದು ಬರುವಷ್ಟರಲ್ಲಿ ಓರಗಿತ್ತಿ ಮಗಳ ಪಕ್ಕ ಮಲಗಿ ಆಗಲೇ ನಿದ್ದೆ ಹೋಗಿದ್ದಳು. ಮನೆಯಲ್ಲಿ ಮೊದಲು ಮಲಗಿದವಳು ಅವಳೇ. ಹುಡುಗಿ ಇನ್ನೂ ಮಗ್ಗಿ ಹೇಳುತ್ತಿದ್ದಳು.